ಅಳತೆಗೂ ತೂಕಕ್ಕೂ ನಡುವೆ

‘ಅಳೆದು ತೂಗಿ’ ಎಂಬುದು ಕನ್ನಡದ ಸೊಗಸಾದ ನುಡಿಗಟ್ಟುಗಳಲ್ಲೊಂದು. ಮಗಳಿಗೆ ವರನನ್ನು ಗೊತ್ತುಮಾಡುವ ತಂದೆ, ನ್ಯಾಯ ಹೇಳಲು ಕುಳಿತ ಪಂಚರು, ಹೊಲ ಕೊಳ್ಳಹೊರಟ ಒಕ್ಕಲಿಗ, ಎಲ್ಲರೂ ಅಳೆದು ತೂಗಿಯೇ ಮುಂದಡಿಯಿಡುತ್ತಾರೆ. ಬಳಸಿ ಬಳಸಿ ಸವೆದುದರಿಂದ ಈ ಎರಡು ಕ್ರಿಯಾಪದಗಳು ಇಂದು ಒಂದೇ ಅರ್ಥದ ಜೋಡುನುಡಿಯಂತೆ ಕೇಳಿಸುತ್ತವೆ. ಆದರೆ ಈ ಮಾತನ್ನು ಮೊದಲು ಕಟ್ಟಿದವರು ಕಣದಲ್ಲಿಯೂ ಅಂಗಡಿಯಲ್ಲಿಯೂ ಕೈ ಪಳಗಿಸಿಕೊಂಡವರಿರಬೇಕು. ಅಳೆಯುವುದು ಕೊಳಗದ ಕೆಲಸ, ತೂಗುವುದು ತಕ್ಕಡಿಯ ಕೆಲಸ. ಪದಾರ್ಥವು ಎಷ್ಟು ಎಡೆಯನ್ನು ಹಿಡಿಯುತ್ತದೆಂಬುದನ್ನು ಕೊಳಗ ಹೇಳುತ್ತದೆ; ಅದರಲ್ಲಿ ಎಷ್ಟು ದ್ರವ್ಯ ತುಂಬಿದೆಯೆಂಬುದನ್ನು ತಕ್ಕಡಿ ಹೇಳುತ್ತದೆ. ಒಂದರ ಉತ್ತರದಿಂದ ಮತ್ತೊಂದರ ಉತ್ತರವನ್ನು ಪಡೆಯಬೇಕಾದರೆ ನಡುವೆ ಮೂರನೆಯ ಸಂಖ್ಯೆಯೊಂದು ಬೇಕು. ಪಠ್ಯಪುಸ್ತಕಗಳು ಅದಕ್ಕೆ ಸಾಂದ್ರತೆ ಎಂದು ಹೆಸರಿಟ್ಟಿವೆ.

ಈ ಸಂಖ್ಯೆಯನ್ನು ಮರೆತರೆ ಏನಾದೀತೆಂಬುದಕ್ಕೆ ಬಯಲುಸೀಮೆಯ ಒಂದು ವಿದ್ಯಾರ್ಥಿನಿಲಯದಲ್ಲಿ ನಡೆದ ಪ್ರಸಂಗವೊಂದು ಸಾಕ್ಷಿ. ಆಗ ಸೇರು ಹಿಂದೆ ಸರಿದು ಕಿಲೋಗ್ರಾಂ ಮುಂದೆ ಬರುತ್ತಿದ್ದ ಕಾಲ. 1956ರ ಕಾನೂನಿನ ಮೇರೆಗೆ 1958ರ ಅಕ್ಟೋಬರ್ 1ರಿಂದ ದೇಶದ ಆಯ್ದ ಪ್ರದೇಶಗಳಲ್ಲಿ ಮೆಟ್ರಿಕ್ ತೂಕಗಳು ಜಾರಿಗೆ ಬಂದಿದ್ದವು. 1962ರ ಹೊತ್ತಿಗೆ ದೇಶವೆಲ್ಲಕ್ಕೂ ಅವು ಕಡ್ಡಾಯವಾದವು. ಅಂಗಡಿಗಳಲ್ಲಿ ಹೊಸ ಕಬ್ಬಿಣದ ಬಟ್ಟುಗಳು ಬಂದರೂ ಕಣದಲ್ಲಿ ಹಳೆಯ ಕೊಳಗವೇ ನಡೆಯುತ್ತಿತ್ತು. ನಿಲಯಕ್ಕೆ ನೀರಾವರಿಯ ಹಳ್ಳಿಗಳಿಂದ ಭತ್ತವೂ ಬೆದ್ದಲು ನೆಲದ ಹಳ್ಳಿಗಳಿಂದ ಜೋಳವೂ ದಾನವಾಗಿ ಬರುತ್ತಿದ್ದವು. ಗಾಡಿಯಿಂದ ಇಳಿದ ಧಾನ್ಯವನ್ನು ವೃದ್ಧ ಉಗ್ರಾಣಿಕರೊಬ್ಬರು ಸೇರಿನಲ್ಲಿ ಅಳೆದು ಒಳಗೆ ಹಾಕಿಸುತ್ತಿದ್ದರು. ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎಂದು, ಆಮೇಲೆ ಎರಡು, ಮೂರು ಎಂದು ರಾಗವಾಗಿ ಎಣಿಸುವುದು ಅವರ ಪದ್ಧತಿ. ಹಳ್ಳಿಯವರು ಬಾಯಲ್ಲಿ ಹೇಳಿದ ಲೆಕ್ಕಕ್ಕೂ ಅವರು ಅಳೆದ ಲೆಕ್ಕಕ್ಕೂ ಒಂದು ಹಿಡಿಯಷ್ಟು ವ್ಯತ್ಯಾಸ ಬಂದುದಿಲ್ಲ.

ಹೊಸದಾಗಿ ಬಂದ ಗುಮಾಸ್ತರು ಶ್ರದ್ಧಾವಂತರು. ಲೆಕ್ಕವನ್ನೆಲ್ಲ ಕಿಲೋಗ್ರಾಂಗೆ ಪರಿವರ್ತಿಸಬೇಕೆಂಬ ಆಜ್ಞೆ ಬಂದಾಗ ಅವರು ಮುದ್ರಿತ ಕೋಷ್ಟಕವೊಂದನ್ನು ತರಿಸಿದರು. ಅದರಲ್ಲಿ ಎಂಬತ್ತು ತೊಲದ ಒಂದು ಸೇರು 933 ಗ್ರಾಂಗೆ ಸಮವೆಂದಿತ್ತು. ಆ ಕೋಷ್ಟಕ ತಪ್ಪಲ್ಲ. ತೊಲವೆಂದರೆ ಸುಮಾರು 11.66 ಗ್ರಾಂ, ಎಂಬತ್ತರಿಂದ ಗುಣಿಸಿದರೆ ಅಷ್ಟೇ ಬರುತ್ತದೆ. ನಲವತ್ತು ಸೇರಿನ ಮಣವೂ 37.32 ಕಿಲೋಗ್ರಾಂ ಆಗುತ್ತದೆ. ತಪ್ಪು ಇದ್ದುದು ‘ಸೇರು’ ಎಂಬ ಪದದಲ್ಲಿ. ಆ ಒಂದು ಪದವು ತಕ್ಕಡಿಯ ಸೇರಿಗೂ ಹೆಸರು, ಪಾತ್ರೆಯ ಸೇರಿಗೂ ಹೆಸರು. ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ, ಖಂಡುಗ ಎಂದು ಏರುವ ಸಾಲಿನ ಸೇರು ಒಂದು. ತೊಲ, ಸೇರು, ಮಣ ಎಂದು ಏರುವ ಸಾಲಿನ ಸೇರು ಇನ್ನೊಂದು. ಅಳತೆಯ ಸೇರಾದರೂ ಊರಿಂದೂರಿಗೆ ಒಂದೇ ಆಗಿರಲಿಲ್ಲ. ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದ ಬೇರೆ. ಕೋಷ್ಟಕವನ್ನು ಅಚ್ಚುಮಾಡಿದವರು ತಕ್ಕಡಿಯ ಸೇರನ್ನು ಕುರಿತು ಹೇಳಿದ್ದರು. ಗುಮಾಸ್ತರು ಅದನ್ನು ಉಗ್ರಾಣದ ಪಾತ್ರೆಗೆ ಅನ್ವಯಿಸಿದರು.

ಆ ವರ್ಷ ದಾನವಾಗಿ ಬಂದ ಭತ್ತ 400 ಸೇರು. ಗುಮಾಸ್ತರ ಪುಸ್ತಕದಲ್ಲಿ ಅದು 373 ಕಿಲೋಗ್ರಾಂ ಆಯಿತು. ಆಡಳಿತದವರು ಹೊಸ ತೂಕದ ಯಂತ್ರವೊಂದನ್ನು ಎರವಲು ತಂದು ತೂಗಿಸಿದಾಗ ಅದು 260 ಕಿಲೋಗ್ರಾಂ ತೋರಿಸಿತು. 113 ಕಿಲೋಗ್ರಾಂ, ಎಂದರೆ ಮೂರು ಮಣ ಭತ್ತ, ಬೀಗ ಹಾಕಿದ ಕೋಣೆಯಿಂದ ಮಾಯವಾಗಿತ್ತು! ಬೀಗದ ಕೈ ಇದ್ದುದು ಒಬ್ಬರ ಸೊಂಟದಲ್ಲಿ. ಯಾರೂ ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆದರೆ ಮರುದಿನದಿಂದ ಉಗ್ರಾಣದ ಬಾಗಿಲಲ್ಲಿ ಇನ್ನೊಬ್ಬರು ಕುಳಿತುಕೊಳ್ಳತೊಡಗಿದರು. ಮೂವತ್ತು ವರ್ಷ ಎಣಿಸಿದ ಕೈಗೆ ಇದಕ್ಕಿಂತ ದೊಡ್ಡ ಮಾತು ಬೇಕೆ? ವೃದ್ಧರು ಊಟದ ಸಾಲಿಗೆ ಬರುವುದನ್ನು ನಿಲ್ಲಿಸಿದರು.

ಗಂಟನ್ನು ಬಿಡಿಸಿದವರು ಶಾಲೆಯ ವಿಜ್ಞಾನದ ಮೇಷ್ಟರು. ಅವರು ಪುಸ್ತಕವನ್ನು ತರಿಸಿಕೊಂಡು ಭತ್ತದ ಪುಟವನ್ನು ಬಿಟ್ಟು ಉಳಿದ ಪುಟಗಳನ್ನು ನೋಡಿದರು. ಉಪ್ಪಿನ ಲೆಕ್ಕದಲ್ಲಿ ವಿಚಿತ್ರವೊಂದು ಕಂಡಿತು. ಅಳೆದದ್ದು 50 ಸೇರು. ಪುಸ್ತಕದ ಪ್ರಕಾರ ಅದು 47 ಕಿಲೋಗ್ರಾಂಗೂ ತುಸು ಕಡಿಮೆ. ತೂಕದಲ್ಲಿ ಸಿಕ್ಕಿದ್ದು 60 ಕಿಲೋಗ್ರಾಂ. ಭತ್ತವನ್ನು ಕದ್ದವನು ಉಪ್ಪನ್ನು ತಂದು ತುಂಬಿದನೇ? ಕಳ್ಳನಿಗೆ ಅಂಥ ಋಣಭಾರವೇನಿದೆ? ಮೇಷ್ಟರು ನಗುತ್ತ ಉಗ್ರಾಣಕ್ಕೆ ಹೋಗಿ, “ಯಜಮಾನರೇ, ನಿಮ್ಮ ಸೇರನ್ನು ಒಂದು ಗಳಿಗೆ ಕೊಡಿ” ಎಂದು ಕೇಳಿದರು.

ಮೊದಲು ಆ ಸೇರಿಗೆ ಕಂಠಮಟ್ಟ ನೀರು ತುಂಬಿ ತೂಗಲಾಯಿತು. ಪಾತ್ರೆಯ ತೂಕವನ್ನು ಕಳೆದರೆ ನೀರು 1120 ಗ್ರಾಂ. ನೀರಿನ ಒಂದು ಲೀಟರು ಒಂದು ಕಿಲೋಗ್ರಾಂ ತೂಗುವುದರಿಂದ ಸೇರಿನ ಒಳಗಾತ್ರ 1.12 ಲೀಟರು ಎಂದು ಗೊತ್ತಾಯಿತು. ಅನಂತರ ಅದನ್ನು ಒರೆಸಿ ಒಣಗಿಸಿ ಒಂದೊಂದೇ ಧಾನ್ಯವನ್ನು ತುಂಬಿ, ಅಂಗೈಯಿಂದ ಮೇಲ್ಭಾಗವನ್ನು ಸವರಿ ತೂಗಿದರು. ಅಕ್ಕಿ 930 ಗ್ರಾಂ ಬಂದಿತು. ಗುಮಾಸ್ತರ ಕೋಷ್ಟಕವು ಅಕ್ಕಿಗೆ ಕಾಕತಾಳೀಯವಾಗಿ ಸರಿಹೊಂದಿದ್ದರಿಂದಲೇ ಅವರಿಗೆ ಸಂದೇಹ ಬಂದಿರಲಿಲ್ಲ. ಜೋಳ 840, ತೊಗರಿಬೇಳೆ 950, ಜೋಳದ ಹಿಟ್ಟು 600, ಹರಳುಪ್ಪು 1200. ಭತ್ತ? 650 ಗ್ರಾಂ. ನಾನೂರು ಸೇರಿಗೆ ನೇರವಾಗಿ 260 ಕಿಲೋಗ್ರಾಂ. ಒಂದು ಕಾಳೂ ಎಲ್ಲಿಯೂ ಹೋಗಿರಲಿಲ್ಲ.

ವೃದ್ಧರು ಇಷ್ಟಕ್ಕೆ ತೃಪ್ತರಾದವರಂತೆ ಕಾಣಲಿಲ್ಲ. “ಮೇಷ್ಟರೇ, ಸೇರು ನೀರಿಗಿಂತ ಸೇರು ಅಕ್ಕಿ ಹಗುರವೆಂದು ತಕ್ಕಡಿ ಹೇಳಿತು. ನೀರಿಗಿಂತ ಹಗುರಾದ್ದು ತೇಲಬೇಕಲ್ಲ? ಅಕ್ಕಿ ತೊಳೆಯುವಾಗ ತಳದಲ್ಲಿ ಕೂರುತ್ತದಲ್ಲ?” ಎಂದರು. ಪಾಠ ಹೇಳಲು ಬಂದವರಿಗೆ ದೊರೆತ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ವಿರಳ. ಮೇಷ್ಟರು ಉತ್ತರ ಹೇಳಲಿಲ್ಲ. ಅಕ್ಕಿ ತುಂಬಿದ ಸೇರಿಗೆ ಅಳತೆಯ ಗಾಜಿನ ಪಾತ್ರೆಯಿಂದ ನೀರನ್ನು ಮೆಲ್ಲಗೆ ಹೊಯ್ದರು. ತುಂಬಿದ ಸೇರು ಇನ್ನೂ ಹೆಚ್ಚುಕಡಿಮೆ ಅರ್ಧ ಲೀಟರು ನೀರನ್ನು ಕುಡಿಯಿತು. ಕಾಳು ಕಾಳಿನ ನಡುವೆ ಅಷ್ಟು ಗಾಳಿ ಅಡಗಿತ್ತು. ಬಿಡಿ ಕಾಳಿನ ಸಾಂದ್ರತೆ ನೀರಿನ ಒಂದೂಕಾಲು ಪಟ್ಟಿಗೂ ಹೆಚ್ಚು, ಆದ್ದರಿಂದ ಅದು ಮುಳುಗುತ್ತದೆ. ರಾಶಿಯ ಸಾಂದ್ರತೆ ಗಾಳಿಯನ್ನೂ ಸೇರಿಸಿಕೊಂಡು ನೀರಿಗಿಂತ ಕಡಿಮೆ. ಕಣದವನಿಗೆ ಬೇಕಾದದ್ದು ಈ ಎರಡನೆಯದು. ಭತ್ತವು ಅಷ್ಟೊಂದು ಹಗುರವಾಗಿ ತೋರುವುದಕ್ಕೂ ಇದೇ ಕಾರಣ. ಹೊಟ್ಟು ಕಾಳನ್ನು ಅಪ್ಪಿಕೊಂಡಿರುತ್ತದೆ, ಹೊಟ್ಟಿನ ಒಳಗೂ ಹೊರಗೂ ಗಾಳಿ ತುಂಬಿರುತ್ತದೆ. ಸೇರನ್ನು ನೆಲಕ್ಕೆ ಕುಕ್ಕಿ ಅಲ್ಲಾಡಿಸಿ ಅಳೆದರೆ ಗಾಳಿ ಕಳೆದು ಕಾಳು ಹೆಚ್ಚು ಹಿಡಿಯುತ್ತದೆ. ಮೇಲೆ ಗೋಪುರವೇರಿಸಿದರೆ ಇನ್ನೂ ಹೆಚ್ಚು. ಕೊಳ್ಳುವಾಗ ಗೋಪುರ, ಕೊಡುವಾಗ ಸವರು! ಸಾಲ ಕೊಟ್ಟ ಸಾಹುಕಾರನ ಕಣದಲ್ಲಿ ಎಷ್ಟು ಬಡವರ ಭತ್ತ ಈ ಗೋಪುರಗಳಲ್ಲಿ ಕರಗಿಹೋಯಿತೋ ಲೆಕ್ಕವಿಟ್ಟವರಿಲ್ಲ.

ಈ ನಾಡಿನ ಹಿರಿಯ ಗಣಿತಜ್ಞರಿಗೆ ಅಳತೆ ಬೇರೆ, ತೂಕ ಬೇರೆ ಎಂಬ ಎಚ್ಚರ ಮೊದಲಿನಿಂದ ಇತ್ತು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದ ಆರಂಭದಲ್ಲಿಯೇ ಧಾನ್ಯದ ಪರಿಭಾಷೆಯನ್ನು ಬೇರೆಯಾಗಿ, ಸುವರ್ಣ, ರಜತ, ಲೋಹಗಳ ಪರಿಭಾಷೆಗಳನ್ನು ಬೇರೆ ಬೇರೆಯಾಗಿ ಹೇಳಿದ್ದಾನೆ. ಧಾನ್ಯಕ್ಕೆ ಕುಡವ, ಪ್ರಸ್ಥ, ಆಢಕ, ದ್ರೋಣ, ಖಾರಿಗಳು. ಅವೆಲ್ಲ ಪಾತ್ರೆಯ ಮಾನಗಳು. ಚಿನ್ನಬೆಳ್ಳಿಗಳಿಗೆ ತಕ್ಕಡಿಯ ಮಾನಗಳು. ಕನ್ನಡ ಶಾಸನಗಳಲ್ಲಿ ಗದ್ದೆಯನ್ನು ಖಂಡುಗ ಕೊಳಗಗಳ ಲೆಕ್ಕದಲ್ಲಿ ಹೇಳುವುದು ಎಲ್ಲರೂ ಬಲ್ಲ ಸಂಗತಿ. ಅಷ್ಟು ಬೀಜ ಹಿಡಿಯುವ ನೆಲ ಎಂದು ಅದರ ಅರ್ಥ. ಪಾತ್ರೆಯ ಮಾನವೇ ನೆಲದ ಮಾನವೂ ಆಯಿತು.

ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ‘ಲೀಲಾವತಿ’ಯ ರಾಶಿವ್ಯವಹಾರ ಭಾಗವಂತೂ ಈ ವಿಷಯಕ್ಕೆ ಬಹಳ ಸಮೀಪ ಬರುತ್ತದೆ. ಕಣದಲ್ಲಿ ಸುರಿದ ರಾಶಿಯನ್ನು ಅಳೆಯದೆಯೇ ಅದರ ಗಾತ್ರವನ್ನು ತಿಳಿಯುವ ಉಪಾಯ ಅಲ್ಲಿದೆ. ರಾಶಿಯ ಸುತ್ತಳತೆಯನ್ನು ಹಗ್ಗದಿಂದ ಹಿಡಿಯಬೇಕು. ಎತ್ತರವು ದಪ್ಪ ಕಾಳಿಗೆ ಸುತ್ತಳತೆಯ ಹತ್ತನೆಯ ಒಂದು ಭಾಗ, ಸಣ್ಣ ಕಾಳಿಗೆ ಹನ್ನೊಂದನೆಯ ಒಂದು ಭಾಗ, ಮುಳ್ಳಿರುವ ಶೂಕಧಾನ್ಯಕ್ಕೆ ಒಂಬತ್ತನೆಯ ಒಂದು ಭಾಗ. ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗಮಾಡಿ ಎತ್ತರದಿಂದ ಗುಣಿಸಿದರೆ ಘನಹಸ್ತಗಳು, ಎಂದರೆ ಖಾರಿಗಳು, ದೊರೆಯುತ್ತವೆ. ಅರವತ್ತು ಮೊಳ ಸುತ್ತಳತೆಯ ದಪ್ಪ ಕಾಳಿನ ರಾಶಿಗೆ 600 ಖಾರಿ. ಅದೇ ಸುತ್ತಳತೆಯ ಸಣ್ಣ ಕಾಳಿನ ರಾಶಿಗೆ 545ಕ್ಕೆ ತುಸು ಹೆಚ್ಚು. ಶೂಕಧಾನ್ಯಕ್ಕೆ 666ಕ್ಕೆ ತುಸು ಹೆಚ್ಚು. ಸಣ್ಣ ಕಾಳು ಜಾರಿ ಹರಡುತ್ತದೆ, ಮುಳ್ಳಿನ ಕಾಳು ಒಂದಕ್ಕೊಂದು ತೊಡರಿ ಎತ್ತರಕ್ಕೆ ನಿಲ್ಲುತ್ತದೆ ಎಂಬ ಸೂಕ್ಷ್ಮವನ್ನು ಕಂಡ ಕಣ್ಣು ಅದು. ಧಾನ್ಯದ ಸ್ವಭಾವವು ರಾಶಿಯ ಆಕಾರವನ್ನು ಬದಲಿಸುತ್ತದೆಂದು ಹೇಳಿದ ಲೆಕ್ಕ ಖಾರಿಯಲ್ಲಿಯೇ ಮುಗಿಯುತ್ತದೆ; ಅಂದಿನ ಕಣದಲ್ಲಿ ಮಾರಾಟವೂ ತೆರಿಗೆಯೂ ಪಾತ್ರೆಯ ಲೆಕ್ಕದಲ್ಲಿಯೇ ನಡೆಯುತ್ತಿದ್ದಾಗ ತಕ್ಕಡಿಯ ಗೊಡವೆ ಯಾರಿಗೆ ಬೇಕು? ಇಂದಿನ ಮಾರುಕಟ್ಟೆ ಕ್ವಿಂಟಲಿನಲ್ಲಿ ಕೇಳುತ್ತದೆ. ಆದ್ದರಿಂದ ಲೀಲಾವತಿಯ ಲೆಕ್ಕಕ್ಕೆ ಇನ್ನೊಂದು ಗುಣಾಕಾರವನ್ನು ಸೇರಿಸಬೇಕಾಗುತ್ತದೆ.

ಆ ಗುಣಾಕಾರವು ಅತಿ ಸರಳ. ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿದರೆ ದ್ರವ್ಯರಾಶಿ. ದ್ರವ್ಯರಾಶಿಯನ್ನು ಸಾಂದ್ರತೆಯಿಂದ ಭಾಗಿಸಿದರೆ ಗಾತ್ರ. ‘ರಾಶಿ’ ಎಂಬ ಕಣದ ಮಾತೇ ಭೌತಶಾಸ್ತ್ರದ ಪರಿಭಾಷೆಯಲ್ಲಿ ಬಂದು ಕುಳಿತಿರುವುದು ಸೋಜಿಗ; ಕಣದ ರಾಶಿ ಕಣ್ಣಿಗೆ ಕಾಣುವ ಗಾತ್ರ, ಪುಸ್ತಕದ ರಾಶಿ ತಕ್ಕಡಿಗೆ ಮಾತ್ರ ತಿಳಿಯುವ ಸಂಗತಿ. ವಿದ್ಯಾರ್ಥಿಗಳು ಗುಣಿಸಬೇಕಾದಲ್ಲಿ ಭಾಗಿಸುವುದು, ಭಾಗಿಸಬೇಕಾದಲ್ಲಿ ಗುಣಿಸುವುದು ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ನಿತ್ಯದ ನೋಟ. ಸೂತ್ರವನ್ನು ಉರುಹೊಡೆದವನಿಗೆ ಈ ಭ್ರಾಂತಿ ತಪ್ಪದು. ಎಣ್ಣೆ ನೀರಿನ ಮೇಲೆ ತೇಲುತ್ತದೆಂಬುದನ್ನು ನೆನೆದವನಿಗೆ ಒಂದು ಲೀಟರು ಎಣ್ಣೆ ಒಂದು ಕಿಲೋಗ್ರಾಂಗಿಂತ ಕಡಿಮೆಯೇ ಇರಬೇಕೆಂಬುದು ಲೆಕ್ಕಕ್ಕೆ ಮೊದಲೇ ತಿಳಿದಿರುತ್ತದೆ. ಉತ್ತರ 1100 ಗ್ರಾಂ ಬಂದರೆ ಅವನೇ ಅದನ್ನು ಹೊಡೆದುಹಾಕುತ್ತಾನೆ. ಮಾನಗಳ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಘನ ಸೆಂಟಿಮೀಟರಿಗೆ ಇಷ್ಟು ಗ್ರಾಂ, ಲೀಟರಿಗೆ ಇಷ್ಟು ಕಿಲೋಗ್ರಾಂ, ಘನಮೀಟರಿಗೆ ಇಷ್ಟು ಟನ್ನು, ಈ ಮೂರಕ್ಕೂ ಸಂಖ್ಯೆ ಒಂದೇ. ಘನಮೀಟರಿಗೆ ಕಿಲೋಗ್ರಾಂ ಎಂದೊಡನೆ ಅದು ಸಾವಿರ ಪಟ್ಟಾಗುತ್ತದೆ.

ನೀರಿಗೆ ಆ ಸಂಖ್ಯೆ ಒಂದೇ ಆಗಿರುವುದು ಪ್ರಕೃತಿಯ ಕೃಪೆಯಲ್ಲ, ಮನುಷ್ಯರ ಏರ್ಪಾಡು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನವರು ಮೆಟ್ರಿಕ್ ಪದ್ಧತಿಯನ್ನು ಕಟ್ಟಿದಾಗ ನೀರನ್ನೇ ಆಧಾರವಾಗಿಟ್ಟುಕೊಂಡು ತೂಕವನ್ನು ಗೊತ್ತುಮಾಡಿದರು. 1901ರಲ್ಲಿ ಲೀಟರನ್ನು ಒಂದು ಕಿಲೋಗ್ರಾಂ ನೀರಿನ ಗಾತ್ರವೆಂದು ವ್ಯಾಖ್ಯಾನಿಸಿದ್ದೂ ಉಂಟು. ಅದು ಘನ ಡೆಸಿಮೀಟರಿಗಿಂತ ಹತ್ತು ಲಕ್ಷಕ್ಕೆ 28 ಭಾಗದಷ್ಟು ಹೆಚ್ಚೆಂದು ತಿಳಿದಮೇಲೆ 1964ರಲ್ಲಿ ಆ ವ್ಯಾಖ್ಯಾನವನ್ನು ಕೈಬಿಟ್ಟರು. 2019ರಿಂದ ಕಿಲೋಗ್ರಾಂ ಪ್ಲಾಂಕನ ಸ್ಥಿರಾಂಕವನ್ನು ಆಶ್ರಯಿಸಿದೆ. ಅಡುಗೆಮನೆಗೆ ಇದರಿಂದ ಆದ ನಷ್ಟವೇನೂ ಇಲ್ಲ.

ಕಥೆಗಳಲ್ಲಿ ಕೊಡದ ತುಂಬ ಹೊನ್ನನ್ನು ಹೆಗಲಿಗೇರಿಸಿಕೊಂಡು ಇರುಳಿನಲ್ಲಿ ಓಡುವ ಕಳ್ಳರು ಬರುತ್ತಾರೆ. ಚಿನ್ನದ ಸಾಂದ್ರತೆ 19.3. ಹನ್ನೆರಡು ಲೀಟರಿನ ಕೊಡದಲ್ಲಿ ನಾಣ್ಯಗಳ ನಡುವಣ ಗಾಳಿಗೆ ಐದರಲ್ಲಿ ಎರಡು ಪಾಲು ಬಿಟ್ಟುಕೊಟ್ಟರೂ ಉಳಿದ ಹೊನ್ನು ಸುಮಾರು 139 ಕಿಲೋಗ್ರಾಂ ತೂಗುತ್ತದೆ. ಓಡುವುದಿರಲಿ, ಎತ್ತಿದವನ ಸೊಂಟ ಉಳಿದರೆ ಹೆಚ್ಚು. ಕಥೆಗಾರರನ್ನು ಆಕ್ಷೇಪಿಸಲು ಈ ಮಾತಲ್ಲ. ಅವರು ಅಳೆದಿದ್ದರು, ತೂಗಿರಲಿಲ್ಲ, ಅಷ್ಟೆ.

ನಗೆಯ ಮಾತು ಹಾಗಿರಲಿ. ಹಾಲು ಮತ್ತು ಎಣ್ಣೆಗಳ ವಿಷಯದಲ್ಲಿ ಈ ಲೆಕ್ಕ ಬಡವರ ಸೆರಗಿನ ಗಂಟಿಗೆ ಸಂಬಂಧಿಸಿದ್ದು. ಒಳ್ಳೆಯ ಹಾಲಿನ ಸಾಂದ್ರತೆ ಸುಮಾರು 1.03. ನಲವತ್ತು ಲೀಟರಿನ ಒಂದು ಕ್ಯಾನು ಹಾಲು 41.2 ಕಿಲೋಗ್ರಾಂ ತೂಗುತ್ತದೆ. ಅದನ್ನು ಲೀಟರಿನಲ್ಲಿ ಪಡೆದು ಕಿಲೋಗ್ರಾಂನಲ್ಲಿ ದಾಟಿಸುವ ಮಧ್ಯವರ್ತಿಯಿದ್ದರೆ, ಎರಡಕ್ಕೂ ದರ ಒಂದೇ ಎಂದು ಸುಮ್ಮನಿರುವ ಹಳ್ಳಿಯವರು ಕ್ಯಾನಿಗೆ ಒಂದು ಕಿಲೋಗ್ರಾಂಗೂ ಹೆಚ್ಚನ್ನು ಪುಕ್ಕಟೆಯಾಗಿ ಕೊಟ್ಟಂತಾಯಿತು. ಡೇರಿಯಲ್ಲಿ ಹಾಲಿಗೆ ಇಳಿಬಿಡುವ ಲ್ಯಾಕ್ಟೋಮೀಟರು ಸಾಂದ್ರತೆಯನ್ನೇ ಓದುತ್ತದೆ. 30 ಎಂದು ತೋರಿಸಿದರೆ 1.030 ಎಂದರ್ಥ. ನೀರು ಬೆರೆಸಿದರೆ ಅದು ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ, ಏಕೆಂದರೆ ಕೊಬ್ಬು ಹಗುರ. ಕೆನೆಯನ್ನು ತೆಗೆದು ನೀರನ್ನು ಹದವಾಗಿ ಬೆರೆಸಿದ ಚತುರನ ಹಾಲು ಮತ್ತೆ 30ರಲ್ಲಿಯೇ ನಿಲ್ಲುತ್ತದೆ! ಕೊಬ್ಬಿನ ಪರೀಕ್ಷೆಯನ್ನು ಬೇರೆಯಾಗಿ ಮಾಡಬೇಕಾಗಿ ಬಂದದ್ದು ಇದರಿಂದ.

ಅಡುಗೆ ಎಣ್ಣೆಯ ಒಂದು ಲೀಟರು ಸುಮಾರು 910 ಗ್ರಾಂ. ಅಂಗಡಿಯಲ್ಲಿ ಲೀಟರಿನ ಪೊಟ್ಟಣವನ್ನು ‘ಒಂದು ಕಿಲೋ’ ಎಂದು ಕರೆದು ಒಯ್ಯುವವರು ತೊಂಬತ್ತು ಗ್ರಾಂ ಕಡಿಮೆ ಒಯ್ಯುತ್ತಾರೆ. ಇದಕ್ಕೆ ಬಿಸಿಲಿನ ಆಟವೂ ಸೇರುತ್ತದೆ. ಎಣ್ಣೆ ಕಾದಾಗ ಹಿಗ್ಗುತ್ತದೆ. ಸೋಯಾ ಎಣ್ಣೆಯ ಒಂದು ಲೀಟರು 21 ಡಿಗ್ರಿಯಲ್ಲಿ 919 ಗ್ರಾಂ ಇದ್ದರೆ 60 ಡಿಗ್ರಿಯಲ್ಲಿ 892.6 ಗ್ರಾಂಗೆ ಇಳಿಯುತ್ತದೆ. ಬಿಸಿಯಾಗಿದ್ದಾಗ ತುಂಬಿದ ಪೊಟ್ಟಣದಲ್ಲಿ ಲೀಟರು ಪೂರ್ತಿ, ಎಣ್ಣೆ ಮಾತ್ರ ಕಡಿಮೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಆಗಸ್ಟಿನಲ್ಲಿ ಈ ಅಂಕಿಗಳನ್ನೇ ಎತ್ತಿ ಹೇಳಿ, ಪೊಟ್ಟಣದ ಮೇಲೆ ಉಷ್ಣತೆಯ ನೆಪವಿಲ್ಲದೆ ಎಣ್ಣೆಯ ಪ್ರಮಾಣವನ್ನೂ ಅದಕ್ಕೆ ತಕ್ಕ ತೂಕವನ್ನೂ ನಮೂದಿಸಬೇಕೆಂದು ತಯಾರಕರಿಗೆ ಸೂಚಿಸಿತು. ಗಾತ್ರವು ಬಿಸಿಲಿಗೆ ಬದಲಾದೀತು, ದ್ರವ್ಯ ಬದಲಾಗದು. ಪೆಟ್ರೋಲು ಬಂಕುಗಳಲ್ಲಿ ಆ ದಿನದ ಸಾಂದ್ರತೆಯನ್ನು 15 ಡಿಗ್ರಿಗೆ ಹೊಂದಿಸಿ ಬರೆದಿರುವುದನ್ನು ನೋಡಿದವರು ಅನೇಕರು, ಓದಿದವರು ಕೆಲವರು.

ಮತ್ತೆ ಆ ನಿಲಯದ ಮಾತು. ಮೇಷ್ಟರ ಪ್ರಯೋಗ ಮುಗಿದ ಸಂಜೆ ಗುಮಾಸ್ತರು ತಾವಾಗಿಯೇ ಉಗ್ರಾಣಕ್ಕೆ ಹೋಗಿ, ಬಾಗಿಲಲ್ಲಿ ಕುಳಿತವನನ್ನು ಎಬ್ಬಿಸಿ ಕಳುಹಿಸಿದರು. ವೃದ್ಧರು ಏನನ್ನೂ ಕೇಳಲಿಲ್ಲ. ಸೀಮೆಸುಣ್ಣವನ್ನು ತರಿಸಿ ಬಾಗಿಲಿನ ಒಳಮೈಯ ಮೇಲೆ ಎರಡು ಸಾಲು ಬರೆಸಿದರು: ಪದಾರ್ಥದ ಹೆಸರು, ಸೇರಿಗೆ ಎಷ್ಟು ಗ್ರಾಂ. ಕೆಲವು ದಿನಗಳಲ್ಲಿ ‘ಹೊಸ ಭತ್ತ’, ‘ಹಳೆ ಭತ್ತ’ ಎಂದು ಅವರೇ ಒಂದನ್ನು ಎರಡು ಮಾಡಿಸಿದರು, ಹಸಿ ಕಾಳು ಹೆಚ್ಚು ತೂಗುತ್ತದೆಂದು ಅವರ ಕೈಗೆ ಮೊದಲೇ ಗೊತ್ತಿತ್ತು. ಎಣ್ಣೆಗೆ 1020, ಹಾಲಿಗೆ 1150 ಎಂಬ ಸಾಲುಗಳೂ ಸೇರಿದವು. ಊಟದ ಸಾಲಿನಲ್ಲಿ ಅವರ ತಟ್ಟೆ ಮತ್ತೆ ಹಳೆಯ ಜಾಗದಲ್ಲಿ ಕಾಣಿಸಿಕೊಂಡಿತು.

ಅದೇ ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳಿಗೆ ಖಾರ ಮಂಡಕ್ಕಿ ಮಾಡಬೇಕೆಂದು ಗೊತ್ತಾಯಿತು. ಅಕ್ಕಿಯ ಲೆಕ್ಕದ ಅಭ್ಯಾಸದಲ್ಲಿ ಗುಮಾಸ್ತರು ನಲವತ್ತು ಕಿಲೋಗ್ರಾಂ ಮಂಡಕ್ಕಿ ಎಂದು ಚೀಟಿ ಬರೆದು ಉಗ್ರಾಣಕ್ಕೆ ಕಳುಹಿಸಿದರು. ಚೀಟಿಯನ್ನು ಓದಿಸಿಕೊಂಡ ವೃದ್ಧರು ಒಂದು ಸೇರು ಮಂಡಕ್ಕಿಯನ್ನು ತಕ್ಕಡಿಗೆ ಹಾಕಿಸಿದರು. ನೂರು ಗ್ರಾಂ. ಅವರು ಬಾಗಿಲಿನ ಮೇಲೆ ಆ ಸಂಖ್ಯೆಯನ್ನು ಸೇರಿಸಿ, ಚೀಟಿ ತಂದ ಹುಡುಗನ ಕೈಯಲ್ಲಿ, “ಎಲ್ಲಿ ಇಡಿಸಲಿ ಎಂದು ಗುಮಾಸ್ತರನ್ನು ಕೇಳಿ ಬಾ” ಎಂದು ಹೇಳಿ ಕಳುಹಿಸಿದರು. ಗುಮಾಸ್ತರು ಸ್ವಲ್ಪ ಹೊತ್ತು ಯೋಚಿಸಿ, ಎದ್ದು ಬಂದು ಬಾಗಿಲನ್ನು ನೋಡಿದರು. ಅಲ್ಲಿಯೇ ನಿಂತು ನಲವತ್ತು ಸಾವಿರ ಗ್ರಾಂಗಳನ್ನು ನೂರರಿಂದ ಭಾಗಿಸಿದರು. ನಾನೂರು ಸೇರು! ಆ ವರ್ಷ ಬಂದ ಭತ್ತವಷ್ಟೂ ಹಿಡಿಸಿದ ಜಾಗವೇ ಅದಕ್ಕೂ ಬೇಕಾಗಿತ್ತು. ಅವರು ಚೀಟಿಯನ್ನು ಹಿಂದಕ್ಕೆ ಪಡೆದು, ನಲವತ್ತನ್ನು ಹೊಡೆದು ಎಂಟು ಎಂದು ತಿದ್ದಿ, ಕೆಳಗೆ ಹೊಸದಾಗಿ ರುಜು ಮಾಡಿದರು.